ಪ್ರತಿರೂಪಕ ವ್ಯವಹಾರವೂ ಮಾರಾಟದ ಮನೆಯ ಚಿತ್ರವೂ

ಅಚೌರ್ಯಾಣುವ್ರತಕ್ಕೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿರುವ ಐದು ಅತಿಚಾರಗಳಲ್ಲಿ ಕೊನೆಯ ಎರಡು ವ್ಯಾಪಾರಸ್ಥರಿಗೆ ತೀರ ಹತ್ತಿರದವು. ಒಂದು ಹೀನಾಧಿಕಮಾನೋನ್ಮಾನ, ಎಂದರೆ ಕೊಡುವಾಗ ಕಿರಿದಾದ, ಕೊಳ್ಳುವಾಗ ಹಿರಿದಾದ ಅಳತೆ-ತೂಕಗಳನ್ನು ಬಳಸುವುದು. ಇನ್ನೊಂದು ಪ್ರತಿರೂಪಕವ್ಯವಹಾರ, ಎಂದರೆ ಅಸಲಿನಂತೆಯೇ ತೋರುವ ನಕಲಿಯನ್ನು ಅಸಲಿನ ಬೆಲೆಗೆ ದಾಟಿಸುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎರಡನೆಯದನ್ನು ಸದೃಶಸನ್ಮಿಶ್ರವೆಂದು ಕರೆದಿದ್ದಾರೆ. ಇವೆರಡನ್ನೂ ಆಚಾರ್ಯರು ಅಸತ್ಯದ ಪ್ರಕರಣದಲ್ಲಿ ಸೇರಿಸದೆ ಕಳವಿನ ಪ್ರಕರಣದಲ್ಲಿ ಸೇರಿಸಿರುವುದು ಗಮನಾರ್ಹ. ತುಪ್ಪಕ್ಕೆ ಎಣ್ಣೆ ಬೆರೆಸಿದವನು ಬಾಯಿ ತೆರೆದು ಒಂದು ಸುಳ್ಳನ್ನೂ ಆಡದಿರಬಹುದು. ಡಬ್ಬಿಯನ್ನು ಮುಂದಿಟ್ಟು ಸುಮ್ಮನೆ ಕುಳಿತಿರಬಹುದು. ಆದರೂ ಕೊಂಡವನ ಹಣದಲ್ಲಿ ಒಂದು ಪಾಲು ಕಳವಾಗಿದೆ.

ಮಾರಾಟಕ್ಕಿಟ್ಟ ಮನೆಗಳ ಚಿತ್ರಗಳ ವಿಷಯದಲ್ಲಿ ಈ ಮೌನವೇ ಪ್ರಶ್ನೆಯ ತಿರುಳು. ಅಮೆರಿಕದಲ್ಲಿ ಮನೆಯನ್ನು ಮಾರುವ ಮುನ್ನ ಬಾಡಿಗೆಯ ಪೀಠೋಪಕರಣಗಳಿಂದ ಸಿಂಗರಿಸುವ ಪದ್ಧತಿ ಹಳೆಯದು. ಅದಕ್ಕೆ ತಗಲುವ ವೆಚ್ಚ ಸಾವಿರಾರು ಡಾಲರ್. ಬರಿದಾದ ಕೋಣೆಯ ಛಾಯಾಚಿತ್ರದ ಮೇಲೆ ಗಣಕಯಂತ್ರದಿಂದಲೇ ಸೋಫಾ, ಮಂಚ, ರತ್ನಗಂಬಳಿ, ಹೂದಾನಿಗಳನ್ನು ಬಿಡಿಸಿ ಕೂರಿಸುವ ವಿಧಾನ ಅನಂತರದ್ದು. ವರ್ಚುಯಲ್ ಸ್ಟೇಜಿಂಗ್ ಎಂದು ಅದರ ಹೆಸರು. ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದ ಮೇಲೆ ಇದು ಕೆಲವೇ ನಿಮಿಷಗಳ, ಅತ್ಯಲ್ಪ ವೆಚ್ಚದ ಕೆಲಸವಾಗಿದೆ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಅಲ್ಲಿ ಮನೆಗಳನ್ನು ಕೊಳ್ಳುವ, ಮಾರುವ ಕನ್ನಡ ಜೈನ ಕುಟುಂಬಗಳಿಗೂ, ಬೆಂಗಳೂರಿನಲ್ಲಿ ಇನ್ನೂ ಕಟ್ಟಿ ಮುಗಿಯದ ವಸತಿ ಸಮುಚ್ಚಯದ ವರ್ಣಮಯ ಚಿತ್ರಗಳನ್ನು ನೋಡಿ ಮುಂಗಡ ಕೊಡುವವರಿಗೂ ಇದು ದೂರದ ವಿಷಯವಲ್ಲ.

ಈ ಪದ್ಧತಿಯ ಸಮರ್ಥಕರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬರಿದಾದ ಕೋಣೆಯನ್ನು ನೋಡಿದವನಿಗೆ ಅದು ಊಟದ ಕೋಣೆಯೋ ಮಲಗುವ ಕೋಣೆಯೋ ತಿಳಿಯುವುದಿಲ್ಲ; ಹೀಗೆ ಬಾಳಬಹುದು ಎಂಬುದನ್ನು ಚಿತ್ರ ಸೂಚಿಸುತ್ತದೆ, ಹೀಗಿದೆ ಎಂದು ಹೇಳುವುದಿಲ್ಲ ಎಂಬುದು ಅವರ ನಿಲುವು. ಶಾಸ್ತ್ರದ ಮಾತಿನಲ್ಲಿ ಇಡುವುದಾದರೆ ಇದು ಸಂಭಾವನಾ ಸತ್ಯದ ವಾದ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೋಮ್ಮಟಸಾರದ ಜೀವಕಾಂಡದಲ್ಲಿ ಎಣಿಸಿರುವ ಹತ್ತು ಬಗೆಯ ಸತ್ಯಗಳಲ್ಲಿ ಅದೂ ಒಂದು. ಇಂದ್ರನು ಜಂಬೂದ್ವೀಪವನ್ನೇ ಮಗುಚಬಲ್ಲನೆಂಬುದು ಅದಕ್ಕೆ ನಿದರ್ಶನ. ಅವನು ಮಗುಚಿಲ್ಲ, ಆದರೆ ಆ ಶಕ್ತಿ ಅವನಲ್ಲಿದೆ. ಅಹಿಂಸೆಯ ದೃಷ್ಟಿಯಿಂದಲೂ ಒಂದು ಮಾತನ್ನು ಒಪ್ಪಬೇಕು. ನಾಲ್ಕು ಚಿತ್ರಗಳಿಗಾಗಿ ಲಾರಿಗಳಲ್ಲಿ ಚರ್ಮದ ಸೋಫಾಗಳನ್ನು ತಂದು, ತಿಂಗಳ ಅನಂತರ ಹೊತ್ತೊಯ್ಯುವುದಕ್ಕಿಂತ ಬಿಡಿಸಿದ ಸೋಫಾದಲ್ಲಿ ಆರಂಭಹಿಂಸೆ ಕಡಿಮೆ.

ಆದರೆ ವಾದ ನಿಲ್ಲುವುದು ಶಕ್ತಿಯ ಮೇಲೆ. ಚಿತ್ರದಲ್ಲಿ ಕಾಣುವ ಮಂಚ ಆ ಕೋಣೆಯಲ್ಲಿ ನಿಜವಾಗಿ ಹಿಡಿಸುವುದಾದರೆ ಮಾತ್ರ ಅದು ಸಂಭಾವನೆ. ಬಾಡಿಗೆಯದಾದರೂ ನಿಜವಾದ ಮಂಚ ತನ್ನ ಪಾಡಿಗೆ ತಾನೇ ಸಾಕ್ಷಿ: ಬಾಗಿಲಲ್ಲಿ ತೂರಿತು, ಗೋಡೆಗೆ ತಾಗದೆ ನಿಂತಿತು, ಪಕ್ಕದಲ್ಲಿ ಮನುಷ್ಯ ನಡೆದಾಡಲು ಎಡೆ ಉಳಿಯಿತು. ಬಿಡಿಸಿದ ಮಂಚ ಇದಾವುದಕ್ಕೂ ಉತ್ತರಿಸಬೇಕಾಗಿಲ್ಲ. ಬರಿಯ ಕೋಣೆಯ ಚಿತ್ರದಲ್ಲಿ ಕಣ್ಣಿಗೆ ಅಳತೆ ಸಿಗುವುದಿಲ್ಲ. ಮಂಚವೊಂದು ಬಂದೊಡನೆ ನೋಡುವವನು ಅದನ್ನೇ ಗಜಕಡ್ಡಿಯಾಗಿ ಹಿಡಿದು ಕೋಣೆಯನ್ನು ಅಳೆಯುತ್ತಾನೆ. 6 ಅಡಿಯ ಮಂಚವನ್ನು 5 ಅಡಿಯ ಪ್ರಮಾಣಕ್ಕೆ ಇಳಿಸಿ ಕೂರಿಸಿದರೆ 10 ಅಡಿಯ ಕೋಣೆ 12 ಅಡಿಯದಾಗಿ ಕಾಣುತ್ತದೆ. ವಿವರಣೆಯಲ್ಲಿ 10 ಅಡಿ ಎಂದೇ ಬರೆದಿರಬಹುದು. ಅಕ್ಷರ ಸತ್ಯವನ್ನು ಹೇಳುತ್ತಿದೆ, ಚಿತ್ರ ಗಜಕಡ್ಡಿಯನ್ನು ಮೊಟಕುಗೊಳಿಸಿದೆ. ಜವಳಿ ಅಂಗಡಿಯಲ್ಲಿ ಹೀಗೆ ನಡೆದರೆ ಅದನ್ನು ಏನೆಂದು ಕರೆಯಬೇಕೆಂಬ ಬಗ್ಗೆ ಯಾವ ಶ್ರಾವಕನಿಗೂ ಸಂದೇಹವಿರುವುದಿಲ್ಲ.

ನೈಗಮ ನಯದ ಆಶ್ರಯವೂ ಇಲ್ಲಿ ದೊರೆಯದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಡಲಿ ಹಿಡಿದು ಹೊರಟವನ ದೃಷ್ಟಾಂತವನ್ನು ಕೊಡುತ್ತಾರೆ. ಎಲ್ಲಿಗೆಂದು ಕೇಳಿದರೆ ಪ್ರಸ್ಥವನ್ನು ತರಲು ಎನ್ನುತ್ತಾನೆ. ಧಾನ್ಯವಳೆಯುವ ಆ ಪಾತ್ರೆ ಇನ್ನೂ ಮರದಲ್ಲಿದೆ, ಆದರೂ ಅವನ ಮಾತು ಸುಳ್ಳಲ್ಲ. ಅದನ್ನು ಮಾಡುವ ಸಂಕಲ್ಪ ಅವನಲ್ಲಿದೆ. ಮನೆ ಮಾರುವವನಿಗೆ ಆ ಸೋಫಾವನ್ನು ತರುವ ಸಂಕಲ್ಪ ಎಳ್ಳಷ್ಟೂ ಇಲ್ಲ. ಕಟ್ಟಡ ನಿರ್ಮಿಸುವವನ ಸ್ಥಿತಿ ಬೇರೆ. ಅವನು ತೋರುವ ಉದ್ಯಾನವನ್ನು ಕಟ್ಟುವ ಸಂಕಲ್ಪವೂ ಅನುಮತಿಯೂ ಅವನಿಗಿದ್ದರೆ ಚಿತ್ರಕ್ಕೆ ಆ ನಯದ ಆಸರೆ ಸಲ್ಲುತ್ತದೆ.

ಇಲ್ಲದ್ದನ್ನು ಸೇರಿಸುವುದಕ್ಕಿಂತ ಇರುವುದನ್ನು ಅಳಿಸುವುದು ಹೆಚ್ಚು ಹಾನಿಕರ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಸತ್ಯವನ್ನು ನಾಲ್ಕಾಗಿ ವಿಂಗಡಿಸುವಾಗ ಇರುವುದನ್ನು ಇಲ್ಲವೆನ್ನುವುದನ್ನೇ ಮೊದಲು ಇಟ್ಟಿದ್ದಾರೆ. ಇಲ್ಲದ್ದನ್ನು ಇದೆಯೆನ್ನುವುದು ಎರಡನೆಯದು, ಒಂದನ್ನು ಮತ್ತೊಂದೆನ್ನುವುದು ಮೂರನೆಯದು. ಗೋಡೆಯ ತೇವದ ಕಲೆ, ಛಾವಣಿಯ ಬಿರುಕು, ಕಿಟಕಿಯಾಚೆಯ ವಿದ್ಯುತ್ ಕಂಬ ಇವನ್ನು ಚಿತ್ರದಿಂದ ಒರೆಸಿದರೆ ಅದು ಮೊದಲನೆಯ ವರ್ಗ. ಸೋಫಾ ಇಲ್ಲವೆಂಬುದು ಕೊಂಡವನಿಗೆ ಬಾಗಿಲು ತೆರೆದ ದಿನವೇ ತಿಳಿಯುತ್ತದೆ. ಸೋರುವ ಗೋಡೆ ಮೊದಲ ಮಳೆಗಾಲದವರೆಗೂ ತಿಳಿಯದಿರಬಹುದು. ಅಷ್ಟು ಹೊತ್ತಿಗೆ ನೋಂದಣಿಯಾಗಿ, ಬ್ಯಾಂಕಿನ ಸಾಲದ ಕಂತು ಆರಂಭವಾಗಿರುತ್ತದೆ. (ಮನೆಯವರ ಭಾವಚಿತ್ರಗಳನ್ನೂ ದೇವರ ಪಟಗಳನ್ನೂ ತೆಗೆದಿಡಬೇಕೆಂಬುದು ಅಮೆರಿಕದ ದಲ್ಲಾಳಿಗಳ ಸಾಮಾನ್ಯ ಸಲಹೆ. ಅದರಲ್ಲಿ ವಂಚನೆಯೇನೂ ಇಲ್ಲ, ಜಿನಬಿಂಬ ಮಾರಾಟದ ವಸ್ತುವಲ್ಲ. ಆದರೆ ಅದನ್ನು ತೆಗೆದಿಡುವವರು ಮನೆಯವರಾಗಿರಲಿ. ಕಸದ ಬುಟ್ಟಿಯೊಂದಿಗೆ ಅದನ್ನೂ ಯಂತ್ರ ಒರೆಸಿಹಾಕುವುದು ಮನಸ್ಸಿಗೆ ಹಿಡಿಸುವಂಥದ್ದಲ್ಲ.)

ಒಳ್ಳೆಯ ಛಾಯಾಚಿತ್ರದ ಬಗ್ಗೆ ಆಕ್ಷೇಪವಿಲ್ಲ. ಮನೆಯನ್ನು ಗುಡಿಸಿ, ಕಿಟಕಿ ತೆರೆದು, ಬೆಳಗಿನ ಬೆಳಕಿನಲ್ಲಿ ಗೋಡೆಗಳ ಗೆರೆ ನೆಟ್ಟಗೆ ಬರುವಂತೆ ತೆಗೆದ ಚಿತ್ರ ಅತಿಥಿಯ ಮುಂದೆ ಶುಭ್ರವಸ್ತ್ರ ಧರಿಸಿದಂತೆ. ತೀರ ಅಗಲನೋಟದ ಮಸೂರ ಮಾತ್ರ ಗಡಿಯಲ್ಲಿ ನಿಂತಿದೆ. ಇಕ್ಕಟ್ಟಾದ ಕೋಣೆಯನ್ನು ಇಡಿಯಾಗಿ ತೋರಿಸಲು ಅದು ಅನಿವಾರ್ಯ, ಆದರೆ ಎದುರಿನ ಗೋಡೆಯನ್ನು ದೂರಕ್ಕೆ ತಳ್ಳುತ್ತದೆ. ಅಂಥ ಚಿತ್ರದ ಪಕ್ಕದಲ್ಲಿ ಅಳತೆ ಸಹಿತ ನಕ್ಷೆಯನ್ನು ಕೊಡುವುದರಿಂದ ಆ ದೋಷ ಬಹಳಮಟ್ಟಿಗೆ ಪರಿಹಾರವಾಗುತ್ತದೆ.

ಲೌಕಿಕ ಕಾನೂನು ಈಚೆಗೆ ಇದೇ ದಾರಿಗೆ ಬಂದಿದೆ. ಅಮೆರಿಕದ ರಿಯಲ್ಟರುಗಳ ರಾಷ್ಟ್ರೀಯ ಸಂಘವು 1913ರಲ್ಲಿ ಮೊದಲು ಅಂಗೀಕರಿಸಿದ ನೀತಿಸಂಹಿತೆಯ ಇಂದಿನ 12ನೆಯ ವಿಧಿ ಜಾಹೀರಾತಿನಲ್ಲಿ ಯಥಾರ್ಥ ಚಿತ್ರಣವನ್ನು ಕೇಳುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯವು 2025ರಲ್ಲಿ ಮಾಡಿದ, 2026ರ ಜನವರಿ 1ರಿಂದ ಜಾರಿಗೆ ಬಂದ ಕಾನೂನು ಇನ್ನೂ ನಿಖರ. ಪೀಠೋಪಕರಣ, ನೆಲ, ಗೋಡೆಯ ಬಣ್ಣ, ಕಿಟಕಿಯಿಂದ ಕಾಣುವ ನೋಟ, ವಿದ್ಯುತ್ ಕಂಬ ಇವುಗಳಲ್ಲಿ ಯಾವುದನ್ನು ಸೇರಿಸಿದರೂ, ಅಳಿಸಿದರೂ, ಬದಲಿಸಿದರೂ ಚಿತ್ರದ ಬಳಿಯಲ್ಲೇ ಅದನ್ನು ಸ್ಪಷ್ಟವಾಗಿ ತಿಳಿಸಿ, ಮೂಲ ಚಿತ್ರವೂ ಕೊಳ್ಳುವವನಿಗೆ ದೊರೆಯುವಂತೆ ಮಾಡಬೇಕು. ಬೆಳಕು, ಬಣ್ಣದ ಸಮತೋಲನ, ಅಂಚು ಕತ್ತರಿಸುವಿಕೆಗಳಂಥ ಸಾಮಾನ್ಯ ತಿದ್ದುಪಡಿಗಳಿಗೆ ವಿನಾಯಿತಿಯಿದೆ. ನಮ್ಮ ದೇಶದಲ್ಲಿ 2016ರ ರೇರಾ ಕಾಯಿದೆಯ 12ನೆಯ ಕಲಮಿನಂತೆ ಸುಳ್ಳು ಜಾಹೀರಾತನ್ನೋ ಮಾದರಿ ಮನೆಯನ್ನೋ ನಂಬಿ ಹಣ ಕಟ್ಟಿ ನಷ್ಟಪಟ್ಟವನಿಗೆ ನಿರ್ಮಾಪಕನು ಪರಿಹಾರ ಕೊಡಬೇಕು. ಯೋಜನೆಯಿಂದ ಹಿಂದೆ ಸರಿಯುವುದಾದರೆ ಬಡ್ಡಿಸಹಿತ ಹಣ ಹಿಂದಿರುಗಿಸಬೇಕು. ಹಳೆಯ ಮನೆಯ ಮಾರಾಟಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮು ಇದೆ. ಸಾಧಾರಣ ಎಚ್ಚರದಿಂದ ಕೊಳ್ಳುವವನು ಕಂಡುಕೊಳ್ಳಲಾಗದ, ಮಾರುವವನಿಗೆ ತಿಳಿದಿರುವ ಮಹತ್ವದ ದೋಷವನ್ನು ಮಾರುವವನೇ ಹೇಳಬೇಕು.

ಕ್ಯಾಲಿಫೋರ್ನಿಯಾದ ಆ ಕಾನೂನು ಕಟ್ಟಿಹಾಕುವುದು ದಲ್ಲಾಳಿಯನ್ನು ಮತ್ತು ಅವನ ಪರವಾಗಿ ನಡೆಯುವವರನ್ನು. ಶ್ರಾವಕಾಚಾರದ ಬಲೆ ಇನ್ನೂ ಅಗಲ. ಸ್ಥೂಲ ಅಸತ್ಯವನ್ನು ತಾನು ನುಡಿಯದಿರುವುದಷ್ಟೇ ಅಲ್ಲ, ಇತರರಿಂದ ನುಡಿಸದಿರುವುದೂ ಸತ್ಯಾಣುವ್ರತವೆಂದು ಸಮಂತಭದ್ರರು ಹೇಳಿದ್ದಾರೆ. ಚಿತ್ರ ಮಾಡಿದವನು ದಲ್ಲಾಳಿ, ನನಗೇನೂ ಗೊತ್ತಿಲ್ಲ ಎಂಬ ಉತ್ತರ ಮನೆಯ ಯಜಮಾನನ ಬಾಯಲ್ಲಿ ಸಲ್ಲದು.

ಬಸದಿಗಳ ಟ್ರಸ್ಟುಗಳಿಗೆ ಈ ಮಾತು ಎರಡು ಪಟ್ಟು ಅನ್ವಯಿಸುತ್ತದೆ. ದಾನವಾಗಿ ಬಂದ ಹಳೆಯ ಮನೆಯನ್ನು ಮಾರಿ ಜೀರ್ಣೋದ್ಧಾರಕ್ಕೋ ವಿದ್ಯಾರ್ಥಿನಿಲಯಕ್ಕೋ ಹಣ ಕೂಡಿಸುವ ಸಂದರ್ಭ ಬಂದಾಗ, ಒಂದು ಲಕ್ಷ ಹೆಚ್ಚು ಬಂದರೆ ಅದು ಭಗವಂತನ ಕಾರ್ಯಕ್ಕೇ ತಾನೆ ಎಂಬ ಸಮಾಧಾನ ಸುಲಭವಾಗಿ ಹುಟ್ಟುತ್ತದೆ. ಧರ್ಮದರ್ಶಿಯು ಸಾಧ್ಯವಾದಷ್ಟು ಉತ್ತಮ ಬೆಲೆ ತರಬೇಕೆಂಬುದೂ ನಿಜ. ಆದರೆ ಆಶಾಧರ ಸೂರಿಗಳು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲು ಇಟ್ಟಿದ್ದಾರೆ, ದಾನಪೂಜೆಗಳು ಆ ಧನದಿಂದ ನಡೆಯಬೇಕಾದವು. ಆದ್ದರಿಂದ ಟ್ರಸ್ಟಿನ ಮನೆ ಮಾರಾಟಕ್ಕಿಟ್ಟಾಗ ಸಜ್ಜುಗೊಳಿಸಿದ ಚಿತ್ರ ಬೇಕೇ ಬೇಕೆನಿಸಿದರೆ ಅದರ ಪಕ್ಕದಲ್ಲಿ ಬರಿಯ ಕೋಣೆಯ ಚಿತ್ರವಿರಲಿ, ಅಡಿ-ಅಂಗುಲಗಳ ನಕ್ಷೆಯಿರಲಿ, ತೇವ ಹಿಡಿದ ಗೋಡೆಯದೂ ಒಂದು ಚಿತ್ರವಿರಲಿ. ದುರಸ್ತಿಗೆ ಎಷ್ಟು ತಗಲೀತೆಂಬ ಮೇಸ್ತ್ರಿಯ ಅಂದಾಜನ್ನು ಕೊಳ್ಳುವವನ ಕೈಗಿತ್ತು, ಅದನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಿಸಲಿ.