ಮುಕ್ತ ಮಾರುಕಟ್ಟೆ ಮತ್ತು ನುಗ್ಗಿಕೇರಿಯ ಕಲ್ಲಂಗಡಿ

ಸ್ವಾತಂತ್ರ್ಯ, ಮಾರುಕಟ್ಟೆ ಎಂದೊಡನೆ ಆಸ್ಟ್ರಿಯನ್ ಪಂಥದ ಅರ್ಥಶಾಸ್ತ್ರಜ್ಞರ ಹೆಸರು ಬರುತ್ತದೆ. ಅವರಲ್ಲಿ ಪ್ರಮುಖರಾದ ಫ್ರೆಡ್ರಿಕ್ ಹಯೆಕ್‌ರ ಹೆಸರಿನಲ್ಲಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನ ವಿದ್ಯಾರ್ಥಿಗಳು ಸಂಘ ಕಟ್ಟಿ, ಪತ್ರಿಕೆಯನ್ನೂ ತಂದಿದ್ದಾರೆ. ಅದೇ ಸಂಸ್ಥೆಯಲ್ಲಿ 1931ರಲ್ಲಿ ಹಯೆಕ್‌ರ ಉಪನ್ಯಾಸಗಳನ್ನು ಕೇಳಿದವರಲ್ಲಿ ಕಾಸರಗೋಡು ಸೀಮೆಯ ಬೆಲ್ಲಿಕ್ಕೋತ್‌ನಲ್ಲಿ ಹುಟ್ಟಿದ ಬಿ.ಆರ್. ಶೆಣೈ ಕೂಡ ಒಬ್ಬರು. ಕನ್ನಡದ ವಿದ್ಯಾರ್ಥಿಗಳು ಈ ಪಂಥದ ಪರಿಚಯ ಮಾಡಿಕೊಳ್ಳಲು ಶೆಣೈಯವರಿಂದಲೇ ಆರಂಭಿಸಬಹುದು.

ಎರಡನೇ ಪಂಚವಾರ್ಷಿಕ ಯೋಜನೆಗೆ ಸಲಹೆ ನೀಡಲು ನೇಮಿಸಿದ್ದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ 1955ರಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು ಶೆಣೈ ಒಬ್ಬರೇ. ದೇಶದ ಉಳಿತಾಯವನ್ನು ಮೀರಿ ಯೋಜನೆ ಹಾಕಿಕೊಂಡು, ಕೊರತೆಯನ್ನು ನೋಟು ಮುದ್ರಿಸಿ ತುಂಬಿದರೆ ಬೆಲೆಯೇರುತ್ತದೆ ಎಂದು ಅವರು ಎಚ್ಚರಿಸಿದರು. ಸರಕಾರಿ ನಿಯಂತ್ರಣಗಳು ಸಡಿಲವಾಗಬೇಕೆಂದೂ ವಾದಿಸಿದರು. 1957ರ ಹೊತ್ತಿಗೆ ವಿದೇಶಿ ವಿನಿಮಯದ ಬಿಕ್ಕಟ್ಟು ತಲೆದೋರಿತು. 1966ರಲ್ಲಿ ರೂಪಾಯಿಯ ಅಪಮೌಲ್ಯವಾಯಿತು. ಬೆಲೆಯೇರಿಕೆ ಬಡವರ ಮೇಲೆ ಹೇಳದೇ ಹಾಕುವ ತೆರಿಗೆ ಎಂಬುದು ಸಂತೆಯಿಂದ ಅರ್ಧ ಚೀಲ ಹೊತ್ತು ಮರಳುವ ಕೂಲಿಕಾರನಿಗೆ ಯಾರೂ ಕಲಿಸಬೇಕಿಲ್ಲ. ಎಲ್ಲರೂ ತಲೆಯಾಡಿಸುವಾಗ ಒಬ್ಬರೇ ಎದ್ದು ನಿಂತ ಆ ಧೈರ್ಯವನ್ನು ನಾವು ಗೌರವಿಸಬೇಕು.

ಆದರೆ ಈ ಟಿಪ್ಪಣಿ ಕಾಣುವುದು ಸರಕಾರದ ಕೈಯನ್ನು ಮಾತ್ರ. ಮಾರುಕಟ್ಟೆಯ ಬಾಗಿಲು ಮುಚ್ಚುವ ಬೇರೆ ಕೈಗಳೂ ಇವೆ. 2022ರ ಮಾರ್ಚ್‌ನಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳನ್ನು ಹೊರಗಿಡುವ ಕೂಗೆದ್ದಿತು. ಅದೇ ಏಪ್ರಿಲ್ 9ರಂದು ಧಾರವಾಡದ ಪಕ್ಕದ ನುಗ್ಗಿಕೇರಿಯ ಹನುಮಂತ ದೇವಸ್ಥಾನದ ಬಳಿ ಬಡ ಮುಸ್ಲಿಂ ವ್ಯಾಪಾರಿಯೊಬ್ಬರ ಕಲ್ಲಂಗಡಿ ಹಣ್ಣುಗಳನ್ನು ನೆಲಕ್ಕೆ ಬಡಿದು ಒಡೆಯಲಾಯಿತು. ಅವರನ್ನು ತಡೆದದ್ದು ಲೈಸೆನ್ಸ್ ಅಲ್ಲ, ತೆರಿಗೆಯೂ ಅಲ್ಲ, ಒಂದು ಗುಂಪು.

ಇದಕ್ಕೆ ಉತ್ತರ ಹಯೆಕ್‌ರಲ್ಲೇ ಇದೆ. ಸ್ವಾತಂತ್ರ್ಯವೆಂದರೆ ಮತ್ತೊಬ್ಬರ ಬಲವಂತಕ್ಕೆ ಸಿಲುಕದೆ ಬದುಕುವುದು, ಅಂಥ ಬಲವಂತವನ್ನು ತಡೆಯುವುದೇ ಸರಕಾರದ ಕೆಲಸ ಎಂದು ಅವರು 1960ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಹಾಗಾದರೆ ಹಣ್ಣಿನ ವ್ಯಾಪಾರಿಯ ಪರ ಮೊದಲು ಮಾತಾಡಬೇಕಾದವರು ಮುಕ್ತ ಮಾರುಕಟ್ಟೆಯ ವಕ್ತಾರರೇ ಅಲ್ಲವೇ? ಕಾರ್ಖಾನೆಯ ಪರವಾನಗಿಗೆ ಮರುಗುವ ಲೇಖನಿ, ರಸ್ತೆಯಂಚಿನಲ್ಲಿ ಹಣ್ಣು ಹರವಿಕೊಂಡು ಕೂತವರ ಮುಂದೆ ಮೌನವಾದರೆ, ಅದು ಸ್ವಾತಂತ್ರ್ಯದ ಪಕ್ಷ ಎನಿಸದು, ಬಂಡವಾಳದ ಪಕ್ಷವೆನಿಸುತ್ತದೆ.

ಹುಬ್ಬಳ್ಳಿ-ಧಾರವಾಡದ ವಿದ್ಯಾರ್ಥಿಗಳು ಸ್ವಾತಂತ್ರ್ಯದ ಬಗ್ಗೆ ಒಂದು ಪತ್ರಿಕೆ ತರುವುದಾದರೆ ನಾವು ಸಂತೋಷದಿಂದ ಸ್ವಾಗತಿಸುತ್ತೇವೆ. ಅದರ ಮೊದಲ ಸಂಚಿಕೆಯಲ್ಲಿ ಶೆಣೈಯವರ ಟಿಪ್ಪಣಿಯ ಜೊತೆಗೆ ನುಗ್ಗಿಕೇರಿಯ ಕಥೆಗೂ ಜಾಗವಿರಲಿ.