ನೀರಿಗೆ ಹೋದವಳು ಕಂಡದ್ದು

ಚಿತ್ರದುರ್ಗದಿಂದ ಹೊಳಲ್ಕೆರೆ ಮೇಲೆ ಹೊಸದುರ್ಗಕ್ಕೆ ಹೋಗುವ ಬಸ್ಸಿನಲ್ಲೇ ನನ್ನ ಓದಿನ ಬಹುಪಾಲು ನಡೆಯುತ್ತದೆ. ಕಿಟಕಿ ಪಕ್ಕದ ಸೀಟು ಸಿಕ್ಕರೆ ಐವತ್ತು ಪುಟ, ನಿಂತು ಹೋಗಬೇಕಾದ ದಿನ ಒಂದು ಪುಟವೂ ಇಲ್ಲ. ಈಚೆಗೊಂದು ದಿನ ಹರಿಣಿ ನಾಗೇಂದ್ರ ಅವರ ‘ಇನ್‌ಟು ದಿ ಲೆಪರ್ಡ್ಸ್ ಡೆನ್’ ಕೈಯಲ್ಲಿತ್ತು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಮುಖಪುಟವನ್ನು ಎರಡು ಸಲ ಬಗ್ಗಿ ನೋಡಿ, “ಪತ್ತೇದಾರಿನೇನಮ್ಮಾ?” ಅಂದರು. ಹೌದು ಅಂದೆ. “ನಾವು ಟಿ.ಕೆ. ರಾಮರಾಯರದ್ದು ಒಂದೂ ಬಿಡ್ತಿರಲಿಲ್ಲ. ನಮ್ಮ ದುರ್ಗದೋರೇ ಅಲ್ವಾ ಅವರು” ಎಂದು ಖುಷಿಯಿಂದ ಹೇಳಿಕೊಂಡರು. ಆಮೇಲೆ ಕೇಳಿದರು: “ಕೊಲೆ ಮಾಡಿದ್ದು ಯಾರು ಅಂತ ಗೊತ್ತಾಯ್ತಾ?”

ಇನ್ನೂ ಇಲ್ಲ ಅಂದೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನಾನು ಕೊಲೆಗಾರನನ್ನು ಹುಡುಕುತ್ತಲೇ ಇರಲಿಲ್ಲ. ಬಸುರಿಯಾದ ಕಾವೇರಿ ಹೊಸಿಲು ದಾಟುತ್ತಾಳೋ ಇಲ್ಲವೋ ಎಂಬುದೇ ನನ್ನ ಚಿಂತೆಯಾಗಿತ್ತು.

ಈ ಚಿಂತೆಯನ್ನು ನನ್ನ ತಲೆಗೆ ಹಾಕಿದವಳು ನನ್ನ ಒಬ್ಬ ವಿದ್ಯಾರ್ಥಿನಿ. ಎರಡನೇ ವರ್ಷದ ಬಿ.ಎ. ಓದುವಾಗ ಮದುವೆಯಾಗಿ ಹಿರಿಯೂರಿನ ಕಡೆಯ ಹಳ್ಳಿಗೆ ಹೋದಳು. ಹೋಗುವ ಮೊದಲು ಈ ಮಾಲಿಕೆಯ ಮೊದಲ ಪುಸ್ತಕ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ ಅನ್ನು ನನ್ನಿಂದ ಒಯ್ದಿದ್ದಳು. ನಾಲ್ಕು ತಿಂಗಳ ಮೇಲೆ ಅವಳ ತಮ್ಮ ಪುಸ್ತಕ ತಂದುಕೊಟ್ಟ. ಒಳಗೊಂದು ಚೀಟಿಯಿತ್ತು. “ಕೊಲೆಗಾರ ಯಾರು ಅಂತ ಅರ್ಧಕ್ಕೇ ಗೊತ್ತಾಯ್ತು ಮೇಡಂ. ಗಂಡ ಹೇಗೆ ಒಪ್ಪಿದ ಅನ್ನೋದು ಮಾತ್ರ ಕೊನೆವರೆಗೂ ಗೊತ್ತಾಗಲಿಲ್ಲ.”

ಈ ಕಾದಂಬರಿಗಳ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ನೇರವಾಗಿ ಗಾಯಕ್ಕೆ ಬೆರಳಿಟ್ಟಿರಲಿಲ್ಲ. ಹೊಸ ಕಾದಂಬರಿಯನ್ನು ನಾನು ಓದಿದ್ದೇ ಆ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು.

ಹರಿಣಿ ನಾಗೇಂದ್ರ ವೃತ್ತಿಯಿಂದ ಪರಿಸರ ವಿಜ್ಞಾನಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ. ಬೆಂಗಳೂರಿನ ಮರಗಳು, ಕೆರೆಗಳು, ಗುಂಡುತೋಪುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. 2016ರ ‘ನೇಚರ್ ಇನ್ ದ ಸಿಟಿ’, ಸೀಮಾ ಮುಂಡೋಳಿ ಅವರ ಜೊತೆ ಬರೆದ 2019ರ ‘ಸಿಟೀಸ್ ಅಂಡ್ ಕ್ಯಾನಪೀಸ್’ ಆ ಕೆಲಸದ ಫಲ. ಇಂದು ಕಂಠೀರವ ಕ್ರೀಡಾಂಗಣ ಇರುವ ಕಡೆ ಒಂದು ಕಾಲಕ್ಕೆ ಸಂಪಂಗಿ ಕೆರೆ ಇತ್ತು. ಆ ಕೆರೆ ಹೇಗೆ ಇಲ್ಲವಾಯಿತು ಎಂಬುದನ್ನು ಹಳೆಯ ಕಡತ, ನಕ್ಷೆಗಳಿಂದ ಬಿಡಿಸಿ ತೋರಿಸಿದವರಲ್ಲಿ ಇವರೂ ಒಬ್ಬರು. ಅದೂ ಒಂದು ಪತ್ತೇದಾರಿಕೆಯೇ. ಸತ್ತದ್ದು ಕೆರೆ, ಸಾಕ್ಷಿ ಹೇಳುವುದು ಸರ್ಕಾರಿ ಪತ್ರಗಳು.

ಇಂಥ ಕಡತಗಳ ನಡುವೆ 2007ರ ಹೊತ್ತಿಗೆ ಕಾವೇರಿ ಎಂಬ ಹುಡುಗಿ ತಮ್ಮ ತಲೆಯೊಳಗೆ ಬಂದು ಕೂತಳೆಂದು ಲೇಖಕಿ ಹೇಳಿಕೊಂಡಿದ್ದಾರೆ. ಅವಳು ಪುಸ್ತಕವಾಗಿ ಹೊರಬಂದದ್ದು 2022ರಲ್ಲಿ. ಹದಿನೈದು ವರ್ಷ! ಪಾಠ, ಸಂಶೋಧನೆ, ಸಂಸಾರಗಳ ನಡುವೆ ಬಿಡುವು ಹೊಂದಿಸಿಕೊಂಡು ಬರೆಯುವ ಎಲ್ಲರಿಗೂ ಈ ಲೆಕ್ಕ ಧೈರ್ಯ ಕೊಡಬೇಕು. ಮೊದಲನೆಯದು ಬಂದ ಮೇಲೆ ಲೇಖನಿ ನಿಲ್ಲಲಿಲ್ಲ. 2023ರಲ್ಲಿ ‘ಮರ್ಡರ್ ಅಂಡರ್ ಎ ರೆಡ್ ಮೂನ್’, 2024ರಲ್ಲಿ ‘ಎ ನೆಸ್ಟ್ ಆಫ್ ವೈಪರ್ಸ್’, 2025ರಲ್ಲಿ ಈಗ ನನ್ನ ಕೈಯಲ್ಲಿರುವ ನಾಲ್ಕನೆಯದು.

ಇಂಗ್ಲಿಷಿನಲ್ಲಿ ಈ ಬಗೆಯ ಕಥೆಗಳಿಗೆ ‘ಕೋಝಿ ಮಿಸ್ಟರಿ’ ಎನ್ನುತ್ತಾರೆ. ಕೊಲೆ ಇರುತ್ತದೆ, ಆದರೆ ರಕ್ತ ಓದುಗರ ಮೇಲೆ ಸಿಡಿಯುವುದಿಲ್ಲ. ಪತ್ತೆ ಮಾಡುವವರು ಪೊಲೀಸರಲ್ಲ, ನಮ್ಮ ನಿಮ್ಮಂಥವರು. ಎಲ್ಲರಿಗೂ ಎಲ್ಲರ ಮನೆಯ ಒಗ್ಗರಣೆಯ ವಾಸನೆ ಗೊತ್ತಿರುವ ಸಣ್ಣ ಲೋಕ ಅದು. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಎಂಬ ಅಜ್ಜಿ ಹೆಣಿಗೆ ಹಾಕುತ್ತಲೇ ಅಪರಾಧಿಯನ್ನು ಹಿಡಿಯುವುದು ಇದರ ಹಳೆಯ ಮಾದರಿ. ನಮ್ಮ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಈ ಜಾತಿಯವನಲ್ಲ. ಪತ್ತೆ ಮಾಡುವುದೇ ಅವನ ಕಸುಬು. ಅವನು ಮನೆಯಿಂದ ಹೊರಡುವಾಗ “ಎಲ್ಲಿಗೆ?” ಎಂದು ಅಡ್ಡ ನಿಲ್ಲುವವರು ಯಾರೂ ಇಲ್ಲ.

ಕಾವೇರಿಯನ್ನು ಎಲ್ಲರೂ ಕೇಳಬಹುದು. 1921ರ ಬೆಂಗಳೂರು. ಹತ್ತೊಂಬತ್ತರ ಹುಡುಗಿ. ಮದುವೆಯಾಗಿ ಕೆಲವು ವರ್ಷಗಳ ಮೇಲೆ ಡಾಕ್ಟರ್ ರಾಮು ಮೂರ್ತಿಯ ಮನೆಗೆ ಬಂದವಳು. ಅವಳಿಗೆ ಗಣಿತದ ಹುಚ್ಚು. ಸೀರೆಯಲ್ಲೇ ಈಜುತ್ತಾಳೆ, ಕಾರು ಓಡಿಸಲು ಕಲಿಯುತ್ತಾಳೆ. ಸೆಂಚುರಿ ಕ್ಲಬ್ಬಿನ ಔತಣಕ್ಕೆ ಗಂಡನ ಜೊತೆ ಹೋದಾಗ ಅಲ್ಲೊಂದು ಕೊಲೆಯಾಗುತ್ತದೆ. ಅನುಮಾನ ದಿಕ್ಕಿಲ್ಲದ ಒಬ್ಬ ಹೆಂಗಸಿನ ಮೇಲೆ ಬೀಳುತ್ತದೆ. ಇದು ಸರಿಯಲ್ಲ ಅನಿಸಿ ಕಾವೇರಿ ವಿಚಾರಿಸಲು ಹೊರಡುತ್ತಾಳೆ. ಪಕ್ಕದ ಮನೆಯ ಉಮಾ ಆಂಟಿ ಜೊತೆಯಾಗುತ್ತಾರೆ. ಇನ್‌ಸ್ಪೆಕ್ಟರ್ ಇಸ್ಮಾಯಿಲ್ ಅವಳ ಮಾತಿಗೆ ಕಿವಿಗೊಡುತ್ತಾರೆ.

ಇದನ್ನು ಓದುವಾಗ ದುರ್ಗದವಳಾದ ನನಗೆ ಓಬವ್ವ ನೆನಪಾಗದೆ ಇರುವುದು ಸಾಧ್ಯವಿರಲಿಲ್ಲ. ಕೋಟೆಗೆ ಹೋದ ಶಾಲೆಯ ಮಕ್ಕಳೆಲ್ಲ ಆ ಕಿಂಡಿಯೊಳಗೆ ಇಣುಕಿ ಬಂದವರೇ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾನೆ, ಅವಳು ನೀರು ತರಲು ಹೋಗುತ್ತಾಳೆ, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದು ಕಾಣುತ್ತದೆ. ನಾವು ಒನಕೆಯನ್ನೇ ದೊಡ್ಡದು ಮಾಡಿಕೊಂಡಿದ್ದೇವೆ. ಅದಕ್ಕೆ ಮೊದಲು ಅವಳು ಗಮನಿಸಿದಳು ಎಂಬುದು ಅಷ್ಟೇ ದೊಡ್ಡ ಸಂಗತಿ. ದಿನವೂ ಅದೇ ದಾರಿಯಲ್ಲಿ ನೀರು ಹೊರುವವಳಿಗೆ ಮಾತ್ರ ಆ ಜಾಗದಲ್ಲಿ ಏನೋ ಹೆಚ್ಚುಕಡಿಮೆಯಾಗಿದೆ ಎಂದು ತಿಳಿಯುತ್ತದೆ. ಕಾವೇರಿಯ ಪತ್ತೇದಾರಿಕೆಯೂ ಇದೇ. ಬೇರೆಯವರ ಅಡುಗೆಮನೆ, ಹಿತ್ತಿಲು, ಕೆಲಸದವರ ಮಾತು, ಹೆಂಗಸರು ಹೆಂಗಸರೊಡನೆ ಮಾತ್ರ ಆಡುವ ದುಃಖ – ಪೊಲೀಸರಿಗೆ ಸಿಗದ ಸುಳಿವು ಅವಳಿಗೆ ಸಿಗುವುದು ಇಲ್ಲಿ.

ಕಥೆಯಲ್ಲಿ ಇನ್ನೊಂದು ವಿವರವಿದೆ. ಓಬವ್ವ ಗಂಡನ ಊಟ ಕೆಡಿಸಲಿಲ್ಲ. ಕೇಳಲೂ ಇಲ್ಲ. ಕೇಳಿಯೇ ಹೋಗಬೇಕಾಗಿದ್ದರೆ ಕೋಟೆ ಅವತ್ತೇ ಬೀಳುತ್ತಿತ್ತು. ಜೊತೆಗೆ, ಕಥೆಯ ಪ್ರಕಾರ ಅವಳು ಆ ದಿನ ಬದುಕಿ ಉಳಿಯಲಿಲ್ಲ ಎಂಬುದನ್ನೂ ಮರೆಯುವ ಹಾಗಿಲ್ಲ. ಕಾವೇರಿ ಪ್ರತಿ ಪುಸ್ತಕದ ಕೊನೆಗೆ ಮನೆಗೆ ಬರುತ್ತಾಳೆ. ಊಟ ಕಾದಿರುತ್ತದೆ. ಈ ಪ್ರಕಾರ ಓದುಗರಿಗೆ ಕೊಡುವ ಮಾತೇ ಅದು: ಕೇಳಿದವಳಿಗೆ ಕೇಡಾಗುವುದಿಲ್ಲ.

ಆ ಮಾತನ್ನು ಲೇಖಕಿ ಹೇಗೆ ಉಳಿಸಿಕೊಳ್ಳುತ್ತಾರೆ? ರಾಮುವನ್ನು ಒಳ್ಳೆಯವನನ್ನಾಗಿ ಮಾಡುವ ಮೂಲಕ. ಅವನು ಹೆಂಡತಿಯ ಗಣಿತಕ್ಕೆ ಒಪ್ಪುತ್ತಾನೆ, ಕಾರಿಗೆ ಒಪ್ಪುತ್ತಾನೆ, ಪತ್ತೇದಾರಿಕೆಗೂ ಒಂದಿಷ್ಟು ಗೊಣಗಿ ಒಪ್ಪುತ್ತಾನೆ. ಇಂಥ ಗಂಡಸರು ಆ ಕಾಲದಲ್ಲಿ ಇರಲಿಲ್ಲ ಎನ್ನಲಾರೆ. ಆದರೆ ಕಾದಂಬರಿಯಲ್ಲಿ ಅವನು ಹಾಗಾಗಲು ಏನನ್ನು ಕಳೆದುಕೊಂಡ, ಯಾರ ಜೊತೆ ಜಗಳವಾಡಿದ ಎಂಬುದು ನಮಗೆ ಸಾಲುವಷ್ಟು ಕಾಣುವುದಿಲ್ಲ. ನನ್ನ ವಿದ್ಯಾರ್ಥಿನಿಗೆ ‘ಗೊತ್ತಾಗದೆ’ ಹೋದದ್ದು ಇದೇ. ಕೊಲೆಗೆ ಕಾರಣ ಹುಡುಕುವ ಲೇಖಕಿ ಒಳ್ಳೆಯತನಕ್ಕೆ ಕಾರಣ ಕೊಡುವುದಿಲ್ಲ.

ಎರಡನೆಯ ಪುಸ್ತಕ ಈ ವಿಷಯದಲ್ಲಿ ಗಟ್ಟಿ. ಅಲ್ಲಿ ಸಣ್ಣದೊಂದು ಅಪರಾಧವನ್ನು ವಿಚಾರಿಸಲು ಕಾವೇರಿಯನ್ನು ಕಳಿಸುವವಳು ಬಿಗಿ ಸ್ವಭಾವದ ಅತ್ತೆಯೇ. ಒಲ್ಲದ ಮನಸ್ಸಿನಿಂದ, ಅತ್ತೆಯನ್ನು ಮೆಚ್ಚಿಸಲೆಂದು ಸೊಸೆ ಹೊರಡುತ್ತಾಳೆ. ಸೊಸೆಯ ಬುದ್ಧಿ ಅತ್ತೆಗೆ ಬೇಕಾದ ಗಳಿಗೆ ಅದು. ಅಪ್ಪಣೆ ಹುಟ್ಟುವುದು ಹೀಗೆ, ಅಗತ್ಯದಿಂದ. ಇದನ್ನು ಹಿರಿಯೂರಿನ ಯಾವ ಸೊಸೆಯೂ ನಂಬಿಯಾಳು. ಮೂರನೆಯದರಲ್ಲಿ 1922ರ ಜನವರಿಯಲ್ಲಿ ವೇಲ್ಸ್ ರಾಜಕುಮಾರ ಬೆಂಗಳೂರಿಗೆ ಬಂದ ಸಂದರ್ಭ, ಸರ್ಕಸ್ಸು, ಸ್ವಾತಂತ್ರ್ಯ ಚಳವಳಿ ಎಲ್ಲ ಬಂದು ಕಥೆ ಬೀದಿಗಿಳಿಯುತ್ತದೆ. ಮನೆ ಸ್ವಲ್ಪ ಹಿಂದೆ ಸರಿಯುತ್ತದೆ.

ಹೊಸ ಕಾದಂಬರಿ ಮತ್ತೆ ಆ ಹೊಸಿಲಿಗೆ ಬಂದು ನಿಂತಿದೆ. ಅದಕ್ಕೇ ನನಗೆ ಇಷ್ಟವಾಯಿತು. ಬೆಂಗಳೂರಿನಲ್ಲಿ ಒಂಟಿ ಮುದುಕಿಯೊಬ್ಬಳು ಕೊಲೆಯಾಗುತ್ತಾಳೆ. ಅವಳ ಕೈಯಲ್ಲಿ ಕಾವೇರಿಯ ಫೋಟೊ ಇರುತ್ತದೆ. ದಾರಿ ಕೊಡಗಿಗೆ ಎಳೆಯುತ್ತದೆ. ಅಲ್ಲಿ ರಾಮು ಇದ್ದಾನೆ, ಯಾರಿಗೂ ಬೇಡವಾದ ಬಾಯ್ಡ್ ಎಂಬ ಬಿಳಿಯ ಕಾಫಿ ತೋಟದ ಯಜಮಾನನಿದ್ದಾನೆ, ಕಾಡಿನಲ್ಲಿ ಭೂತದ ಹಾಗೆ ತಿರುಗುವ ಚಿರತೆಯ ಸುದ್ದಿಯಿದೆ. ಕಾವೇರಿ ಬಸುರಿ. ಮುಂದಿನದನ್ನು ಹೇಳಿ ನಿಮ್ಮ ಓದು ಕೆಡಿಸುವುದಿಲ್ಲ.

ಹಿಂದಿನ ಪುಸ್ತಕಗಳಲ್ಲಿ ‘ಹೋಗಬೇಡ’ ಎಂಬುದಕ್ಕೆ ‘ಜನ ಏನಂತಾರೆ’ ಎಂಬುದಷ್ಟೇ ಕಾರಣವಾಗಿತ್ತು. ಅದನ್ನು ಓದುಗರು ಸುಲಭವಾಗಿ ತಳ್ಳಿಹಾಕಬಹುದು. ಇಲ್ಲಿ ‘ಹೋಗಬೇಡ’ ಎಂಬುದರಲ್ಲಿ ಪ್ರೀತಿಯಿದೆ, ಭಯಕ್ಕೆ ಅರ್ಥವಿದೆ. ಬಸುರಿಯ ಬಗ್ಗೆ ಕಾಳಜಿ ಎಲ್ಲಿ ಮುಗಿಯುತ್ತದೆ, ಕಾವಲು ಎಲ್ಲಿ ಶುರುವಾಗುತ್ತದೆ? ಇದಕ್ಕೆ ಒಳ್ಳೆಯ ಗಂಡನೊಬ್ಬನಿದ್ದರೆ ಸಾಕು ಎಂಬ ಉತ್ತರ ನಡೆಯುವುದಿಲ್ಲ. ಒಳ್ಳೆಯ ಗಂಡನೇ ಇಲ್ಲಿ ತೊಡಕು. ರಾಮು ನನಗೆ ಮೊದಲ ಬಾರಿಗೆ ಮನುಷ್ಯನಾಗಿ ಕಂಡದ್ದು ಇಲ್ಲೇ.

ಜಾಗ ಬದಲಿಸಿದ್ದೂ ಲಾಭ. ಅಂದಿನ ಕೊಡಗು ಮೈಸೂರು ಸಂಸ್ಥಾನಕ್ಕೆ ಸೇರಿರಲಿಲ್ಲ, ನೇರ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಕಾವೇರಿ ತನಗೆ ಪರಿಚಯದ ನ್ಯಾಯ, ಪರಿಚಯದ ಪೊಲೀಸು, ಪರಿಚಯದ ಬೀದಿಗಳನ್ನು ಬಿಟ್ಟು ಹೋಗುತ್ತಾಳೆ. ಕಾಡನ್ನು ಬಲ್ಲ ಲೇಖಕಿಗೆ ಇಲ್ಲಿ ಕೈ ಕಟ್ಟುವವರಿಲ್ಲ. ಚಿರತೆ ಕಥೆಗೆ ಹೆದರಿಕೆ ತುಂಬಲು ಬಂದ ಬೊಂಬೆಯಲ್ಲ. ಕಾಡು ಕಡಿದು ತೋಟ ಮಾಡಿದ ಕಡೆ ಪ್ರಾಣಿ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಅದರ ಹಿಂದೆಯೇ ನಡೆದುಬರುತ್ತದೆ. ತೋಟದ ಕೂಲಿಯವರ ಬಾಳನ್ನು ಮಾತ್ರ ಇನ್ನಷ್ಟು ಹತ್ತಿರದಿಂದ ನೋಡಬೇಕಿತ್ತು ಅನಿಸಿತು. ಕಾವೇರಿ ಅವರ ಪರವಾಗಿ ಮರುಗುತ್ತಾಳೆ, ನಿಜ. ಅವರೇ ಕಾವೇರಿಯನ್ನು ಅಳೆದು ನೋಡುವ ಗಳಿಗೆಗಳು ಕಡಿಮೆ.

ಬಸ್ಸಿನ ಹಿರಿಯರು ಹೇಳಿದ ರಾಮರಾಯರಿಗೆ ಬರುತ್ತೇನೆ. ಅವರ ‘ಬಂಗಾರದ ಮನುಷ್ಯ’ 1972ರಲ್ಲಿ ಸಿನಿಮಾ ಆಯಿತು. ಅದನ್ನು ಯಾರೂ ರಹಸ್ಯದ ಕಥೆ ಎಂದು ನೋಡುವುದಿಲ್ಲ. ಆದರೆ ಸಿನಿಮಾದಲ್ಲಿ ಒಂದು ರಹಸ್ಯ ಮನೆಯ ನಡುವೆಯೇ ಕೂತಿದೆ: ಅಕ್ಕನ ಸಂಸಾರಕ್ಕಾಗಿ ದುಡಿಯುವ ರಾಜೀವ ಇನ್ನೊಬ್ಬ ಹೆಂಗಸಿಗೆ ಯಾಕೆ ಹಣ ಕೊಡುತ್ತಿದ್ದಾನೆ? ಸತ್ತ ಭಾವನ ಗುಟ್ಟನ್ನು ಕಾಪಾಡಲು ಅವನು ಬಾಯಿ ಬಿಡುವುದಿಲ್ಲ, ಅವಮಾನ ನುಂಗಿ ಊರು ಬಿಡುತ್ತಾನೆ. ನಾವೆಲ್ಲ ಅತ್ತಿದ್ದೇವೆ. ಈಗ ನೋಡಿದರೆ, ಆ ಮನೆಯಲ್ಲಿ ಆರೋಪ ಮಾಡುವವರಿದ್ದರು, ಕೂತು ಸಮಾಧಾನವಾಗಿ ಕೇಳುವವರು ಇರಲಿಲ್ಲ ಅನಿಸುತ್ತದೆ. ಮನೆಯ ಗುಟ್ಟು ಮನೆಯಲ್ಲೇ ಇರಲಿ ಎಂಬುದು ನಮ್ಮ ಸಂಸಾರದ ಕಥೆಗಳ ದೊಡ್ಡ ಗುಣ. ಕಾವೇರಿಯ ಕಥೆಗಳು ಅದನ್ನು ತಿರುಗಿಸಿ, ಗುಟ್ಟಿನ ಭಾರ ಹೊರುತ್ತಿರುವವರು ಯಾರು ಎಂದು ಕೇಳುತ್ತವೆ.

ಭಾಷೆಯ ಬಗ್ಗೆ ಒಂದು ಮಾತು. ಕಾವೇರಿ, ಉಮಾ ಆಂಟಿ, ಅತ್ತೆ ಎಲ್ಲರೂ ಕಥೆಯೊಳಗೆ ಕನ್ನಡದಲ್ಲೇ ಮಾತಾಡಿರಬೇಕು. ನಾವು ಓದುವುದು ಇಂಗ್ಲಿಷಿನಲ್ಲಿ. ಹಾಗಾಗಿ ಕನ್ನಡದ ಓದುಗರು ಪ್ರತಿ ಸಂಭಾಷಣೆಯನ್ನೂ ಮನಸ್ಸಿನಲ್ಲಿ ತಿರುಗಿ ಮನೆಗೆ ಕರೆತರುತ್ತಿರುತ್ತಾರೆ. ಅಡುಗೆಯ ವಿವರ, ಪದಗಳ ಅರ್ಥ ದೂರದವರಿಗೆ ಬೇಕು. ನಮಗೆ ಅವು ನಮ್ಮ ಮನೆಯನ್ನು ನಾವೇ ಕಿಟಕಿಯಿಂದ ನೋಡಿದ ಹಾಗೆ. ಇದು ದೂರಲ್ಲ. ಇಂಗ್ಲಿಷ್ ಕಾದಂಬರಿ ಎಂದರೆ ಹೆದರುವ ನನ್ನ ವಿದ್ಯಾರ್ಥಿಗಳು ಇದನ್ನು ಕೊನೆತನಕ ಓದಿದ್ದು ಈ ಪರಿಚಯದ ಬಲದಿಂದಲೇ.

ಅವರಿಗೆ ನಾನು ಹೇಳುವುದಿಷ್ಟು. ಕಾವೇರಿ ಬೆಂಗಳೂರಿನಲ್ಲಿ ಕಾರು ಕಲಿಯುವ ಹೊತ್ತಿಗೆ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು ಮುಗಿದು ಹದಿನಾಲ್ಕು ವರ್ಷವಾಗಿತ್ತು. ಅದಕ್ಕಿರುವ ವಾಣಿವಿಲಾಸ ಸಾಗರ ಎಂಬ ಹೆಸರು ಮೈಸೂರನ್ನು ಆಳಿದ ಒಬ್ಬ ಹೆಂಗಸಿನದು. ಆ ನೀರು ಯಾರ ಹೊಲಕ್ಕೆ ಹೋಯಿತು, ಯಾರ ಊರನ್ನು ಮುಳುಗಿಸಿತು ಎಂದು ಕೇಳುತ್ತಾ ಹೋದರೆ ಒಂದು ಕಾದಂಬರಿಗೆ ಸಾಕು. ಹೆಸರಲ್ಲೇ ಕೆರೆ ಇರುವ ಹೊಳಲ್ಕೆರೆಯಲ್ಲಿ ಇನ್ನೊಂದಕ್ಕೆ ಸಾಕು. ಕೇಳಲು ಹೊರಡುವ ಒಬ್ಬಳು ಬೇಕು. ಅವಳನ್ನು ಬರೆಯುವಾಗ ಮನೆಯವರು ಹೇಗೆ ಒಪ್ಪಿದರು ಎಂಬುದನ್ನು ಹಾರಿಸಿಬಿಡಬೇಡಿ. ನಮ್ಮ ಕಡೆ ಅರ್ಧ ಕಥೆ ಅಲ್ಲೇ ಇದೆ.

‘ಇನ್‌ಟು ದಿ ಲೆಪರ್ಡ್ಸ್ ಡೆನ್’ ಓದಿ ಮುಗಿಸಿ, ಅದೇ ಚೀಟಿಯನ್ನು ಒಳಗಿಟ್ಟು ಹಿರಿಯೂರಿಗೆ ಕಳಿಸಿದ್ದೇನೆ. ಚೀಟಿಯ ಹಿಂಬದಿಯಲ್ಲಿ “ಈ ಸಲ ರಾಮು ಪೂರ್ತಿ ಒಪ್ಪಿಲ್ಲ, ಓದಿ ನೋಡು” ಎಂದಷ್ಟೇ ಬರೆದೆ. ಉತ್ತರ ಇನ್ನೂ ಬಂದಿಲ್ಲ.