ಅಂತರ್ಜಾಲದ ಕಾವ್ಯಪಾಠಗಳಲ್ಲಿ ಅಧಿಕಾರಿವಿಚಾರ

ಶಾಸ್ತ್ರಗ್ರಂಥಗಳ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ನಿರೂಪಿಸುವುದು ಪೂರ್ವಾಚಾರ್ಯರ ಸಂಪ್ರದಾಯವು. ಏನನ್ನು, ಯಾತಕ್ಕಾಗಿ ಹೇಳುವುದೆಂಬುದರೊಡನೆ, ಯಾರಿಗೆ ಹೇಳುವುದೆಂಬುದೂ ನಿಶ್ಚಿತವಾದ ಹೊರತು ಗ್ರಂಥವು ಸಾರ್ಥಕವಾಗದೆಂದು ಅವರ ಮತ. ಈಚೆಗೆ ಹಳಗನ್ನಡ ನಡುಗನ್ನಡ ಕಾವ್ಯಗಳನ್ನು ವಿದ್ಯಾರ್ಥಿಗಳ ಉಪಯೋಗಾರ್ಥವಾಗಿ ಅಂತರ್ಜಾಲದಲ್ಲಿ ಒದಗಿಸುತ್ತಿರುವ ಕಾರ್ಯವು ಶ್ಲಾಘ್ಯವಾದುದೇ ಸರಿ. ಆದರೆ ಅಲ್ಲಿ ವಿಷಯ ಪ್ರಯೋಜನಗಳು ಸ್ಪಷ್ಟವಾಗಿರುವಷ್ಟು ಅಧಿಕಾರಿಯು ಸ್ಪಷ್ಟನಾಗಿಲ್ಲ. ಕಣ್ಣುಳ್ಳವನು, ಸಂಸ್ಕೃತ ಬಲ್ಲವನು, ಇವನೊಬ್ಬನೇ ಓದುಗನೆಂದು ಭಾವಿಸಿ ಸಿದ್ಧಪಡಿಸಿದಂತೆ ಬಹು ಪಾಠಗಳು ತೋರುತ್ತವೆ. ಈ ದೋಷದ ಸ್ವರೂಪವನ್ನೂ ಪರಿಹಾರವನ್ನೂ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ದೃಷ್ಟಿಯಿಲ್ಲದವರು ವಿದ್ಯೆಗೆ ಅಧಿಕಾರಿಗಳಲ್ಲವೆಂದು ಕನ್ನಡನಾಡಿನಲ್ಲಿ ಯಾರೂ ಹೇಳಲಾರರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914-2010) ಅಂಧರಾಗಿದ್ದೂ ಸಂಗೀತದಲ್ಲಿ ಪಾರಂಗತರಾಗಿ, ಕನ್ನಡ, ಸಂಸ್ಕೃತ, ಹಿಂದಿ ಈ ಮೂರು ಭಾಷೆಗಳಲ್ಲಿಯೂ ಗ್ರಂಥರಚನೆ ಮಾಡಿದರು. ಅದೇ ಗದುಗಿನ ವೀರನಾರಾಯಣನ ಭಕ್ತನಾದ ಕುಮಾರವ್ಯಾಸನ ಭಾರತವು ಇಂದಿನ ಅಂಧ ವಿದ್ಯಾರ್ಥಿಗೆ ಜಾಲದಲ್ಲಿ ದೊರೆಯುವ ಬಗೆಯನ್ನು ನೋಡತಕ್ಕದ್ದು.

ಇಂತಹ ವಿದ್ಯಾರ್ಥಿಗೆ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವು ಗಣಕದ ತೆರೆಯಲ್ಲಿರುವುದನ್ನು ಓದಿ ಹೇಳುತ್ತದೆ. ತಕ್ಕ ಉಪಕರಣವಿದ್ದರೆ ಬ್ರೈಲ್ ಚುಕ್ಕಿಗಳಾಗಿಯೂ ಮಾರ್ಪಡಿಸುತ್ತದೆ. ಆದರೆ ಪುಟಗಳ ಛಾಯಾಚಿತ್ರವನ್ನು ಮಾತ್ರ ಏರಿಸಿದ್ದಲ್ಲಿ ಅದರೊಳಗೆ ಅಕ್ಷರವೇ ಇಲ್ಲ, ಬರಿಯ ಚಿತ್ರವುಂಟು. ಯೂನಿಕೋಡಿಗೆ ಮುಂಚಿನ ಅಕ್ಷರಶೈಲಿಯಲ್ಲಿ ಅಚ್ಚಿಸಿದ್ದಲ್ಲಿ ಕಣ್ಣಿಗೆ ಕನ್ನಡವಾಗಿ ಕಾಣುವುದು ಯಂತ್ರದೊಳಗೆ ರೋಮನ್ ಲಿಪಿಯ ಅಸಂಬದ್ಧ ಸಂಕೇತಗಳಾಗಿರುತ್ತದೆ. ಒಂದು ಮೌನ, ಇನ್ನೊಂದು ಪ್ರಲಾಪ. ಆದಕಾರಣ ಯೂನಿಕೋಡ್ ಪಾಠವೇ ಮೊದಲ ಮೆಟ್ಟಿಲು. ಆದರೆ ಅಷ್ಟರಿಂದಲೇ ಕಾರ್ಯವು ಮುಗಿಯಿತೆಂಬುದು ಸರಿಯಲ್ಲ.

ಭಾಮಿನೀ ಷಟ್ಪದಿಯ 1, 2, 4, 5ನೆಯ ಪಾದಗಳಿಗೆ ಹದಿನಾಲ್ಕು ಹದಿನಾಲ್ಕು ಮಾತ್ರೆಗಳು. 3, 6ನೆಯವಕ್ಕೆ ಕಡೆಯ ಗುರುವೂ ಸೇರಿ ಇಪ್ಪತ್ತಮೂರು. ದ್ವಿತೀಯಾಕ್ಷರಪ್ರಾಸದ ನಿಯಮವೂ ಇರುವುದರಿಂದ, ಒಂದು ಪಾದದ ಕೊನೆಯಲ್ಲಿ ಮೊದಲಾದ ಪದವು ಮುಂದಿನ ಪಾದದಲ್ಲಿ ಮುಗಿಯುವುದು ಸಾಮಾನ್ಯ. ಅಚ್ಚಿನಲ್ಲಿ ಇದನ್ನು ಕಣ್ಣು ಕೂಡಿಸಿಕೊಳ್ಳುತ್ತದೆ. ಗಮಕಿಯ ಕಂಠವೂ ಕೂಡಿಸುತ್ತದೆ. ಯಂತ್ರವಾದರೋ ಪಂಕ್ತಿಯ ತುದಿಯಲ್ಲಿ ನಿಂತು, ಒಂದು ಪದವನ್ನು ಎರಡು ನಿರರ್ಥಕ ಖಂಡಗಳಾಗಿ ಕೇಳಿಸುತ್ತದೆ. ಪಾದಗಳನ್ನು ಉಳಿಸಿದರೆ ಅರ್ಥಕ್ಕೆ ಹಾನಿ. ಒಂದುಗೂಡಿಸಿದರೆ ಛಂದಸ್ಸಿಗೆ ಹಾನಿ. ಆದುದರಿಂದ ಎರಡು ರೂಪಗಳನ್ನೂ ಕೊಡುವುದೇ ಯುಕ್ತ.

ಹಳಗನ್ನಡದ ಅಕ್ಷರಗಳಲ್ಲಿ ಇನ್ನೊಂದು ತೊಡಕುಂಟು. ೞಕಾರಕ್ಕೆ ಯೂನಿಕೋಡಿನಲ್ಲಿ ಸ್ಥಾನವಿದೆ; ಆದರೆ ಅಲ್ಲಿನ ಇಂಗ್ಲಿಷ್ ಪಟ್ಟಿಯಲ್ಲಿ ಅದರ ಹೆಸರು ಪ್ರಮಾದವಶಾತ್ ‘ಫ’ ಎಂದು ದಾಖಲಾಗಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ಕಟ್ಟಳೆಯಿಂದ ತಪ್ಪು ಹಾಗೆಯೇ ಉಳಿದಿದೆ. ‘ಬಾಳ್’ ಎಂದರೆ ಖಡ್ಗ, ‘ಬಾೞ್’ ಎಂದರೆ ಜೀವಿಸು. ಯಂತ್ರಕ್ಕೆ ಈ ಭೇದವನ್ನು ಕಲಿಸದಿದ್ದರೆ ಕೇಳುವವನಿಗೆ ಕತ್ತಿಯೂ ಬದುಕೂ ಒಂದೇ ಆಗುವುವು. ಇಂತಹ ಸ್ಥಳಗಳಲ್ಲಿ ಅರ್ಥವನ್ನು ಪಕ್ಕದಲ್ಲಿಯೇ ಸೂಚಿಸುವುದು ಸಂಪಾದಕನ ಧರ್ಮ.

ಎರಡನೆಯ ಅಧಿಕಾರಿ ಸಂಸ್ಕೃತಪರಿಚಯವಿಲ್ಲದ ವಿದ್ಯಾರ್ಥಿ. ದೀರ್ಘಸಮಾಸಗಳ ಪದ್ಯದ ಕೆಳಗೆ ಸಾರಾಂಶವೊಂದನ್ನೇ ಬರೆದರೆ, ಅವನಿಗೆ ಕಥೆ ತಿಳಿಯುವುದೇ ಹೊರತು ಪದ್ಯವು ತಿಳಿಯದು. ಪದಚ್ಛೇದ, ಪದಾರ್ಥೋಕ್ತಿ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪಸಮಾಧಾನ ಎಂಬ ವ್ಯಾಖ್ಯಾನದ ಐದು ಲಕ್ಷಣಗಳು ನಮ್ಮಲ್ಲಿ ಪ್ರಸಿದ್ಧ. ಇವನ್ನು ಐದು ಪದರಗಳಾಗಿ ಜೋಡಿಸಿ, ಬೇಕಾದವನು ಬೇಕಾದಷ್ಟನ್ನೇ ತೆರೆಯುವಂತೆ ಮಾಡುವುದು ಜಾಲದಲ್ಲಿ ಸುಲಭಸಾಧ್ಯ. ಅಚ್ಚಿನ ಪುಟದಲ್ಲಿ ಅಷ್ಟು ಸುಲಭವಲ್ಲ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು: ಸಂಸ್ಕೃತವರಿಯದವನಿಗಾಗಿ ಮಾಡಿದ ಪದಚ್ಛೇದವೇ ಅಂಧನಿಗೆ ಕೇಳಲು ತಕ್ಕ ಪಾಠವೂ ಆಗುತ್ತದೆ. ಒಬ್ಬನಿಗಾಗಿ ಮಾಡಿದ ಉಪಕಾರವು ಇಬ್ಬರಿಗೂ ಸಲ್ಲುವುದು.

ಹೀಗೆ ಹಲವು ರೂಪಗಳನ್ನು ಕೊಟ್ಟರೆ ಮೂಲಪಾಠದ ಶುದ್ಧಿ ಕೆಡದೇ ಎಂದು ಕೆಲವರು ಆಕ್ಷೇಪಿಸಬಹುದು. ವೇದವನ್ನು ಸಂಹಿತೆ, ಪದ, ಕ್ರಮ, ಜಟೆ, ಘನ ಎಂಬ ಪಾಠಭೇದಗಳಿಂದ ಅಧ್ಯಯನ ಮಾಡಿದ ಪರಂಪರೆಯೇ ಇದಕ್ಕೆ ಸಮಾಧಾನ. ರೂಪಗಳು ಹೆಚ್ಚಿದುದರಿಂದ ಅಲ್ಲಿ ಮೂಲವು ಕೆಡಲಿಲ್ಲ; ಅವುಗಳಿಂದಲೇ ರಕ್ಷಿತವಾಯಿತು. ಮೂಲವನ್ನು ಮುಟ್ಟದೆ ಬೇರೆ ರೂಪಗಳನ್ನು ಅದಕ್ಕೆ ಅಧೀನವಾಗಿರಿಸಿದರೆ ಸಾಕು.

2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಜಾಲಮಾರ್ಗಸೂಚಿಯ ಎರಡನೆಯ ಆವೃತ್ತಿಯು ಇಂದ್ರಿಯಗ್ರಾಹ್ಯತೆ, ಬಳಕೆಯ ಸೌಕರ್ಯ, ಸುಬೋಧತೆ, ದೃಢತೆ ಎಂಬ ನಾಲ್ಕು ತತ್ತ್ವಗಳನ್ನು ವಿಧಿಸಿದೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವೂ ವಿದ್ಯುನ್ಮಾನ ಮಾಧ್ಯಮದ ವಿಷಯವು ಅವರಿಗೆ ಎಟುಕುವಂತಿರಬೇಕೆನ್ನುತ್ತದೆ. ಆದರೆ ಷಟ್ಪದಿಯ ಪದವನ್ನು ಎಲ್ಲಿ ಕೂಡಿಸಬೇಕು, ೞಕಾರವೆಲ್ಲಿ ಅರ್ಥಭೇದಕ ಎಂಬುದನ್ನು ಶಾಸನವಾಗಲಿ ಯಂತ್ರಜ್ಞನಾಗಲಿ ಹೇಳಲಾರನು; ಅದು ವಿದ್ವಾಂಸರ ಹೊಣೆ. ಇನ್ನು ಮುಂದೆ ಜಾಲದ ಆವೃತ್ತಿಗಳನ್ನು ವಿಮರ್ಶಿಸುವವರು ಪಾಠಾಂತರಗಳನ್ನು ಪರೀಕ್ಷಿಸುವುದರೊಡನೆ, ಕಣ್ಣು ಮುಚ್ಚಿ ಒಂದು ಪದ್ಯವನ್ನು ಯಂತ್ರದಿಂದ ಓದಿಸಿ ಕೇಳತಕ್ಕದ್ದು. ಕಿವಿಗೆ ಪದ್ಯವಾಗಿ ಬಾರದ ಆವೃತ್ತಿಯನ್ನು ಶುದ್ಧವೆಂದು ಒಪ್ಪತಕ್ಕದ್ದಲ್ಲ.